ಸಾಣೆಯ ಗೆರೆ

ಜನವರಿ 9

ತಮ್ಮನಿಗೆ,

ಅಮ್ಮನ ಮಂಡಿ ನೋವು ಹೇಗಿದೆ, ಅದನ್ನು ಮೊದಲು ಬರಿ. ಹೋದ ಸಲ "ಎಲ್ಲರೂ ಚೆನ್ನಾಗಿದ್ದೇವೆ" ಎಂದು ಒಂದೇ ಸಾಲಿಗೆ ಕೈತೊಳೆದುಕೊಂಡಿದ್ದೀಯ. ಮನೆಯಲ್ಲಿರುವುದೇ ಇಬ್ಬರು, ಅದರಲ್ಲಿ "ಎಲ್ಲರೂ" ಯಾರು? ಇಲ್ಲಿ ನಮ್ಮ ಪತ್ರಗಳನ್ನು ಮೊದಲು ಓದುವ ಸಾಹೇಬರೊಬ್ಬರಿದ್ದಾರೆ. ಅವರಿಗೂ ಅಷ್ಟು ಸಾಲಲಿಲ್ಲ. ಮುದ್ರೆ ಒತ್ತಿ ಕೈಗೆ ಕೊಡುವಾಗ, "ನಿನ್ನ ತಮ್ಮ ಪತ್ರ ಬರೀತಾನೋ ಟೆಲಿಗ್ರಾಂ ಕೊಡ್ತಾನೋ?" ಅಂದರು. ಕೆಟ್ಟವರಲ್ಲ. ಬೇಡದ ಸಾಲಿನ ಮೇಲೆ ಕಪ್ಪು ಶಾಯಿ ಬಳಿಯುತ್ತಾರೆ, ಅನುಮಾನ ಬಂದದ್ದನ್ನು ಮೇಲಿನವರಿಗೆ ಕಳಿಸುತ್ತಾರೆ. ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡಲು ಹೇಳಿದ್ದೂ ಅವರೇ.

ನನ್ನನ್ನು ಅಡುಗೆಮನೆಗೆ ಹಾಕಿದ್ದಾರೆ. ಆರು ಚಾಕುಗಳಿವೆ. ಆರನ್ನೂ ಕಬ್ಬಿಣದ ಸರಪಳಿಯಲ್ಲಿ ಮೇಜಿಗೆ ಕಟ್ಟಿದ್ದಾರೆ, ಒಂದೂ ಈರುಳ್ಳಿ ಕೊಯ್ಯುವುದಿಲ್ಲ, ಜಜ್ಜುತ್ತವೆ. ನಾನು ಸಾಣೆ ಅಂಗಡಿಯವನೆಂದು ಯಾರೋ ಹೇಳಿದರಂತೆ. ಒಂದು ಕಲ್ಲು ಕೊಟ್ಟು, ಇಬ್ಬರು ಕಾವಲುಗಾರರನ್ನು ಪಕ್ಕದಲ್ಲಿ ನಿಲ್ಲಿಸಿ, "ಹಿಡಿ" ಅಂದರು. ಸರಪಳಿ ಎಳೆದಾಡಿಕೊಂಡೇ ಆರಕ್ಕೂ ಹರಿತ ತಂದೆ. ಮೂರು ವರ್ಷದ ನಂತರ ಕೈಗೆ ಕಲ್ಲಿನ ತಣ್ಣೀರು ತಾಗಿತು. ಇನ್ನು ನಾಲ್ಕು ವರ್ಷ ಉಳಿದಿದೆ. ಈರುಳ್ಳಿಯಿಂದಲೇ ಕಣ್ಣಲ್ಲಿ ನೀರು ಬಂತು ಅಂತ ಇಟ್ಟುಕೋ.

ನಮ್ಮ ಬೀದಿಯಿಂದ ಹೊಸದಾಗಿ ಬಂದವನೊಬ್ಬ ಇಲ್ಲಿದ್ದಾನೆ. ಬೇಸಿಗೆಯಲ್ಲೂ ಕೊರಳ ಮಫ್ಲರ್ ಬಿಚ್ಚದ ಆ ರೌಡಿ, ಮಫ್ಲರ್, ದಿನಾ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾನೆಂದು ಹೇಳಿದ. ಸುಳ್ಳಿರಬಹುದು. ನಿಜವಾಗಿದ್ದರೆ ಆ ಬೆಂಚನ್ನೇ ಒಡೆದು ಒಲೆಗೆ ಹಾಕು.

ಸಾಣೆ ಹಿಡಿಯುವ ಮೊದಲು ಅಪ್ಪ ಎಲ್ಲರನ್ನೂ ಕೇಳುತ್ತಿದ್ದ ಮಾತು ನೆನಪಿದೆಯಾ? "ಇದ್ರಲ್ಲಿ ಏನು ಕೊಯ್ತೀರಿ?" ನೀನೂ ಕೇಳುತ್ತೀಯಾ?

ಇಂತಿ,
ಅಣ್ಣ


ಫೆಬ್ರವರಿ 2

ಅಣ್ಣನಿಗೆ,

ಅಮ್ಮನ ಮಂಡಿ ಹಾಗೇ ಇದೆ. ಶಾಖ ಕೊಡುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ, ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಕೇಳುತ್ತೇನೆ. ಅದು ಕೇಳದಿದ್ದರೆ ಹರಿತ ಎಷ್ಟು ಕೊಡಬೇಕು ಅಂತ ಹೇಗೆ ಗೊತ್ತಾಗುತ್ತದೆ? ತರಕಾರಿಗೆ ಬೇರೆ, ಬಟ್ಟೆಗೆ ಬೇರೆ, ಚರ್ಮಕ್ಕೆ ಬೇರೆ. ನನಗೀಗ ಇಪ್ಪತ್ತು ವರ್ಷ, ಅಣ್ಣ. ಅಂಗಡಿ ನಡೆಸುತ್ತಿರುವುದೂ ನಾನೇ. ಕೆಲಸ ಮುಗಿದ ಚಾಕುವಿನ ಹಿಡಿಗೆ ನೀಲಿ ದಾರ ಸುತ್ತುವುದನ್ನೂ ಬಿಟ್ಟಿಲ್ಲ. ಆ ದಾರ ಹಿಡಿದುಕೊಂಡೇ ಪೊಲೀಸರು ನಮ್ಮ ಅಂಗಡಿಗೆ ಬಂದದ್ದು ಎಂದು ಜನ ಇನ್ನೂ ಆಡಿಕೊಳ್ಳುತ್ತಾರೆ. ಆದರೂ ಬಿಟ್ಟಿಲ್ಲ.

ಮಫ್ಲರ್ ಬರುವುದು ನಿಜ. ಸುಳ್ಳು ಹೇಳಿ ನನಗೇನಾಗಬೇಕು? ನೀನು ಹೋದ ಮೇಲೆ ಬೀದಿಯವರೆಲ್ಲ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದಾಗ ಬಂದು ಕೂತವನು ಅವನೊಬ್ಬನೇ. ಹೋದ ವಾರ ಕರೆಂಟಿನ ಸಾಣೆ ಯಂತ್ರ ತಂದು ಇಳಿಸಿ, "ಆ ಕಾಲಲ್ಲಿ ತುಳಿಯೋ ಚಕ್ರಾನ ಗುಜರಿಗೆ ಹಾಕು ಮೇಸ್ತ್ರಿ, ನಿನ್ನ ಕೈಗೆ ಇದು ತಕ್ಕದ್ದು" ಅಂದ. ಅಪ್ಪನ ಚಕ್ರವನ್ನು ಗುಜರಿಗೆ ಹಾಕಲಿಲ್ಲ, ಮೂಲೆಗೆ ಸರಿಸಿದ್ದೇನೆ. ಯಂತ್ರ ಚೆನ್ನಾಗಿದೆ. ನಾನು ಎಡಗೈಯವನೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅಪ್ಪನ ಚಕ್ರದಲ್ಲಿ ನಾನು ಹಿಡಿದರೆ ಅಲಗಿನ ಮೇಲಿನ ಗೆರೆಗಳೆಲ್ಲ ಎಡಕ್ಕೆ ವಾಲುತ್ತಿದ್ದವು, ನೀವಿಬ್ಬರು ಹಿಡಿದರೆ ಬಲಕ್ಕೆ. "ಜನ ಇಲ್ಲಿ ಎರಡು ಅಂಗಡಿ ಇದೆ ಅಂದ್ಕೋತಾರೆ ಕಣೋ" ಎಂದು ನೀನು ನಗುತ್ತಿದ್ದೆ.

ಅಂದ ಹಾಗೆ, ಮನೆಯಲ್ಲಿ ನನ್ನನ್ನು ಎಡಚ ಅಂತಲೇ ಕರೆಯುತ್ತಿದ್ದವನು ನೀನು. ಜೈಲಿಗೆ ಹೋದ ಮೇಲೆ ಮೂವತ್ತು ಪತ್ರ ಬರೆದಿದ್ದೀಯ, ಒಂದರಲ್ಲೂ ಹಾಗೆ ಕರೆದಿಲ್ಲ. ನನ್ನ ಮೇಲೆ ನಿನಗೇನು ಸಿಟ್ಟು? ಸಿಟ್ಟು ಬರಬೇಕಾದ್ದು ನನಗೆ. ಮಫ್ಲರ್‌ನ ಹುಡುಗರಿಗೆ ಆ ಚಾಕು ಮಸೆದುಕೊಟ್ಟವನು ನೀನು. ಲಾರಿ ಸ್ಟ್ಯಾಂಡಿನ ಆ ಹುಡುಗ ಸತ್ತದ್ದು ಅದರಿಂದ. "ಹೌದು, ನಾನೇ, ಗೊತ್ತಿದ್ದೇ ಮಾಡಿದೆ" ಎಂದು ಕೋರ್ಟಿನಲ್ಲಿ ತಲೆ ಎತ್ತಿ ಹೇಳಿದವನೂ ನೀನೇ. ಈಗ ನನಗೆ ಬೆಂಚು ಒಡೆ ಅನ್ನುತ್ತೀಯ.

ಇಂತಿ,
ತಮ್ಮ


ಫೆಬ್ರವರಿ 26

ತಮ್ಮನಿಗೆ,

ನಿನ್ನ ಪತ್ರ ಓದಿದೆ. ಸಿಟ್ಟಿಲ್ಲ. ಎಡಚ ಎಂದು ಬರೆಯದಿರುವುದಕ್ಕೆ ಕಾರಣವೇನೂ ಇಲ್ಲ, ನೀನು ದೊಡ್ಡವನಾದೆ, ಅಷ್ಟೆ.

ನೀನು ಹೇಳಿದ್ದು ಸರಿ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನನ್ನ ಸುತ್ತ ಇರುವವರೆಲ್ಲ ಇಪ್ಪತ್ತು, ಇಪ್ಪತ್ತೆರಡರವರು. ಒಬ್ಬ ಮೀಸೆ ಬರುವ ಮೊದಲೇ ಬಂದವನು. ಎಲ್ಲರ ಕಥೆಯಲ್ಲೂ ಒಬ್ಬ ಮಫ್ಲರ್ ಇದ್ದಾನೆ, ಕಷ್ಟಕಾಲದಲ್ಲಿ ಬಂದು ಪಕ್ಕದಲ್ಲಿ ಕೂತವನು. ಆ ಮಫ್ಲರ್‌ಗಳು ಯಾರೂ ಇಲ್ಲಿಗೆ ನೋಡಲು ಬರುವುದಿಲ್ಲ. ನನಗೆ ಸಾಕಾಗಿ ಹೋಗಿದೆ, ಇವರ ಮುಖ ನೋಡಿ. ಇಲ್ಲಿಯ ಊಟದ ಸಾಲಿನಲ್ಲಿ ನಿನ್ನ ತಟ್ಟೆ ನೋಡುವ ಶಕ್ತಿ ನನ್ನಲ್ಲಿಲ್ಲ. ನಾನು ಏಳು ವರ್ಷಕ್ಕೆ ಇಲ್ಲಿ ಬಂದು ಕೂತಿರುವುದು ಆ ಒಂದು ಕಾರಣಕ್ಕೆ

[ಇಲ್ಲಿ ಎರಡು ಸಾಲು ಹೊಡೆದುಹಾಕಲಾಗಿದೆ]

ಮೇಲಿನದನ್ನು ಹೊಡೆದುಹಾಕಿದ್ದು ಸಾಹೇಬರಲ್ಲ, ನಾನೇ. ಏನೋ ಬರೆಯಹೋಗಿ ಏನೋ ಆಯಿತು.

ಯಂತ್ರ ವಾಪಸ್ಸು ಕೊಡು. ಅಪ್ಪನ ಚಕ್ರದ ಪೆಡಲಿಗೆ ಎಣ್ಣೆ ಬಿಡು. ಮುಂದಿನ ಪತ್ರದಲ್ಲಿ ಅಮ್ಮನ ಕೈಯಲ್ಲಿ ಒಂದು ಸಾಲು ಬರೆಸು. ಸಹಿ ಹಾಕಿದರೂ ಸಾಕು.

ಅಣ್ಣ


ಏಪ್ರಿಲ್ 15

ಅಣ್ಣನಿಗೆ,

ಬರೆಯುವುದು ತಡವಾಯಿತು. ಸುಳ್ಳು ಹೇಳಿ ಸಾಕಾಗಿದೆ, ಅದಕ್ಕೇ ತಡ. ಅಮ್ಮ ನಿನ್ನನ್ನು ಕೇಳುವುದಿಲ್ಲ. ಮೂರು ವರ್ಷದಿಂದ ಒಂದು ದಿನವೂ ಕೇಳಿಲ್ಲ. ನಿನ್ನ ಪತ್ರ ಬಂದರೆ ಒಡೆಯದೆ ನನ್ನ ಹಾಸಿಗೆ ಮೇಲಿಡುತ್ತಾಳೆ. ಸಹಿ ಹಾಕು ಎಂದು ಪೆನ್ನು ಕೊಟ್ಟೆ. "ಇನ್ನೊಬ್ಬಳ ಮಗನ್ನ ಕೊಲ್ಲೋಕೆ ಕೈ ಜೋಡಿಸ್ದೋನಿಗೆ ನಾನೇನಂತ ಬರೀಲಿ?" ಎಂದು ಎದ್ದು ಹೋದಳು. ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು ಇಷ್ಟು ದಿನ ಮುಚ್ಚಿಟ್ಟೆ.

ಇನ್ನೊಂದು ವಿಷಯ. ಸತ್ತ ಹುಡುಗನ ತಾಯಿ ನಿನಗೆ ಗೊತ್ತು, ಮೇಲಿನ ಬೀದಿಯ ಟೈಲರಮ್ಮ. ಮೂರು ವರ್ಷ ಆಕೆ ಕತ್ತರಿ ಹಿಡಿದುಕೊಂಡು ನಮ್ಮ ಅಂಗಡಿ ದಾಟಿ, ಸೇತುವೆ ಆಚೆಯ ಅಂಗಡಿಗೆ ನಡೆದು ಹೋಗುತ್ತಿದ್ದರು. ಮೊನ್ನೆ ಸೀದಾ ಬಂದು ಕತ್ತರಿಯನ್ನು ನನ್ನ ಮುಂದೆ ಇಟ್ಟರು. ಕಾಲು ನೋವಂತೆ, ಅಷ್ಟು ದೂರ ಆಗುವುದಿಲ್ಲವಂತೆ. ನನಗೆ ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು.

"ಇದ್ರಲ್ಲಿ ಏನು ಕೊಯ್ತೀರಮ್ಮ?"

ಆಕೆ ನನ್ನ ಮುಖ ನೋಡಿದರು. "ಬಟ್ಟೆ. ಇನ್ನೇನು ಕೊಯ್ತಾರಪ್ಪ ಇದ್ರಲ್ಲಿ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕತ್ತರಿ ಇನ್ನೂ ನನ್ನ ಹತ್ತಿರವೇ ಇದೆ, ಹಿಡಿಯಲು ಕೈ ಬರುತ್ತಿಲ್ಲ.

ಮಫ್ಲರ್ ಒಂದು ಗೋಣಿಚೀಲ ಇಟ್ಟು ಹೋಗಿದ್ದಾನೆ. ಬಿಚ್ಚಿ ನೋಡಿದೆ, ಹದಿನಾಲ್ಕು ಅಲಗು. ಏನು ಕೊಯ್ಯೋಕೆ ಎಂದು ಕೇಳಿದೆ. "ನಿಮ್ಮಪ್ಪ ಸತ್ರೂ ಅವನ ಪ್ರಶ್ನೆ ಸಾಯ್ಲಿಲ್ಲ ನೋಡು" ಎಂದು ನಕ್ಕ. ಲಾರಿ ಸ್ಟ್ಯಾಂಡಿನಲ್ಲಿ ಮೂಟೆ ಹೊರುವ ಕೆಲಸ ಯಾವ ಬೀದಿಯವರಿಗೆ ಎಂಬ ಜಗಳ ಮತ್ತೆ ಹೊಗೆಯಾಡುತ್ತಿದೆ. ಚೀಲವನ್ನು ಮುಟ್ಟಿಲ್ಲ. ವಾಪಸ್ಸೂ ಕೊಟ್ಟಿಲ್ಲ. ದಿನಾ "ಆಯ್ತಾ ಮೇಸ್ತ್ರಿ?" ಅನ್ನುತ್ತಾನೆ, ಯಂತ್ರ ಕೆಟ್ಟಿದೆ ಅನ್ನುತ್ತೇನೆ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಬಡವರ ಕೇಸು ನಡೆಸುವ ವಕೀಲಮ್ಮ ಒಬ್ಬರು ನಿನ್ನ ಶಿಕ್ಷೆ ಕಡಿಮೆ ಮಾಡಿಸಲು ಮೇಲ್ಮನವಿ ಹಾಕುತ್ತಾರಂತೆ. ಬಂದು ಫೈಲ್ ನೋಡಿ ಸಹಿ ಹಾಕಲು ಹೇಳಿದ್ದಾರೆ. ಮುಂದಿನ ತಿಂಗಳು ಹೋಗುತ್ತೇನೆ. ಆ ಚಾಕುವಿನ ಫೋಟೋ ಕೂಡ ಇದೆಯಂತೆ.

ತಮ್ಮ


ಮೇ 3

ತಮ್ಮನಿಗೆ,

ವಕೀಲಮ್ಮನ ಹತ್ತಿರ ಹೋಗಬೇಡ. ಫೈಲ್ ನೋಡಬೇಡ, ಸಹಿ ಹಾಕಬೇಡ. ನನಗೆ ಮೇಲ್ಮನವಿ ಬೇಡ. ನಾಲ್ಕು ವರ್ಷ ಒಂದು ಲೆಕ್ಕವೇ ಅಲ್ಲ, ಇಲ್ಲಿ ಊಟ ಇದೆ, ಕೆಲಸ ಇದೆ. ಹಳೆಯದನ್ನು ಕೆದಕಿದರೆ ಅಮ್ಮನಿಗೆ ಮತ್ತೆ ಬೀದಿಯಲ್ಲಿ ತಲೆ ಎತ್ತಲು ಆಗುವುದಿಲ್ಲ.

ಅಮ್ಮನ ವಿಷಯ ಬರೆದದ್ದು ಒಳ್ಳೆಯದಾಯಿತು. ನನಗೆ ಮೊದಲೇ ಗೊತ್ತಿತ್ತು. ಅವಳನ್ನು ಒತ್ತಾಯ ಮಾಡಬೇಡ. ಅವಳು ಹಾಗೆ ಅಂದುಕೊಂಡಿದ್ದರೇ ಒಳ್ಳೆಯದು.

ಗೋಣಿಚೀಲವನ್ನು ಇವತ್ತೇ ಅಂಗಡಿಯಿಂದ ಆಚೆ ಹಾಕು. ನಾಳೆ ಅನ್ನಬೇಡ.

ಈ ಪತ್ರ ಸಿಕ್ಕ ಕೂಡಲೇ ಉತ್ತರ ಬರಿ. ಫೈಲ್ ನೋಡಿಲ್ಲ ಎಂದು ಬರಿ.

ಅಣ್ಣ


ಜೂನ್ 11

ತಮ್ಮನಿಗೆ,

ನಾನು ಬರೆದು ಐದು ವಾರವಾಯಿತು, ನಿನ್ನಿಂದ ಪತ್ರವಿಲ್ಲ. ಅಂಚೆಯವನದು ತಪ್ಪಿರಬೇಕೆಂದು ಸಾಹೇಬರು ಸಮಾಧಾನ ಹೇಳಿದರು. ಅವರು ಪಾಪ, ಬೇರೆಯವರ ಪತ್ರದ ಕಟ್ಟನ್ನೆಲ್ಲ ನನ್ನೆದುರೇ ಬಿಚ್ಚಿ ಹುಡುಕಿದರು.

ನಮ್ಮ ಬೀದಿಯಿಂದ ಬಂದಿದ್ದವನು ಬಿಡುಗಡೆಯಾಗಿ ಹೋದ. ಅಂಗಡಿ ಹತ್ತಿರ ಹೋಗಿ ನೋಡು ಎಂದಿದ್ದೇನೆ. ನೋಡಿದರೂ ನನಗೆ ಹೇಳುವವರು ಯಾರು?

ಅಡುಗೆಮನೆಯ ಒಂದು ಚಾಕು ನನ್ನ ಕೈ ಕೊಯ್ದಿತು. ಗಾಯ ದೊಡ್ಡದಲ್ಲ. ಗಮನ ಎಲ್ಲೋ ಇತ್ತು.

ಬರಿ.

ಅಣ್ಣ


ಜುಲೈ 1

ತಮ್ಮನಿಗೆ,

ನಿನ್ನೆ ವಕೀಲಮ್ಮ ನನ್ನನ್ನು ನೋಡಲು ಬಂದಿದ್ದರು. ನೀನು ಮೇ ಹತ್ತೊಂಬತ್ತಕ್ಕೇ ಅವರ ಕಚೇರಿಗೆ ಹೋಗಿದ್ದೆಯಂತೆ. ಚಾಕುವಿನ ಫೋಟೋವನ್ನು ಕಿಟಕಿ ಹತ್ತಿರ ಒಯ್ದು ತುಂಬ ಹೊತ್ತು ನೋಡಿದೆಯಂತೆ. ಕೊಟ್ಟ ನೀರೂ ಕುಡಿಯದೆ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಹೋದೆಯಂತೆ. "ನಿಮ್ಮ ತಮ್ಮನಿಗೆ ಏನಾಯ್ತು?" ಎಂದು ಕೇಳಿದರು. ಬಿಸಿಲು ಆಗುವುದಿಲ್ಲ ಅವನಿಗೆ ಎಂದೆ.

ಏನೂ ಬರೆಯಬೇಡ. ನೀನು ಏನು ನೋಡಿದೆಯೋ ಅದನ್ನು ಯಾವ ಕಾಗದದ ಮೇಲೂ ಬರೆಯಬೇಡ, ಇಲ್ಲಿಗಂತೂ ಕಳಿಸಲೇಬೇಡ. ಈ ಪತ್ರವನ್ನು ಯಾರು ಮೊದಲು ಓದುತ್ತಾರೆಂದು ನಿನಗೆ ಗೊತ್ತು. ಅಮ್ಮನ ಮಂಡಿಯ ಬಗ್ಗೆ ಬರಿ, ಮಳೆ ಬಂತೋ ಇಲ್ಲವೋ ಬರಿ, ಸಾಕು.

ನಿನ್ನನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ದಿನ ಪೊಲೀಸರು ಅಂಗಡಿಗೆ ಬಂದು ಬಟ್ಟೆಯಲ್ಲಿ ಸುತ್ತಿದ್ದ ಚಾಕುವನ್ನು ಬಿಚ್ಚಿ ನನಗೆ ತೋರಿಸಿದಾಗಿನಿಂದ ಇಟ್ಟುಕೊಂಡಿದ್ದೇನೆ. ಸಿಕ್ಕಿಬಿದ್ದವರಲ್ಲಿ ಒಬ್ಬ, "ಸಾಣೆ ಅಂಗಡಿ ಹುಡುಗನಿಗೆ ಎಲ್ಲಾ ಗೊತ್ತಿತ್ತು" ಎಂದಿದ್ದ. ಯಾವ ಹುಡುಗ ಎಂದು ಅವನು ಹೇಳಿರಲಿಲ್ಲ. ಅದನ್ನು ನಾನು ಹೊರಗೆ ಬಂದ ಮೇಲೆ, ಅಪ್ಪನ ಚಕ್ರದ ಪಕ್ಕ ಕೂತು, ನಾವಿಬ್ಬರೇ ಇರುವಾಗ ಕೇಳುತ್ತೇನೆ. ಅಲ್ಲಿಯವರೆಗೆ ಉತ್ತರ ಕೊಡಬೇಡ. ಉತ್ತರ ಯಾವುದಾದರೂ ನಾನು ನಿನ್ನ ಅಣ್ಣನೇ.

ಅಣ್ಣ


ಜುಲೈ 20

ಪತ್ರ ಓದುವ ಸಾಹೇಬರಿಗೆ ನಮಸ್ಕಾರ. ಅಮ್ಮನ ಮಂಡಿಗೆ ಶಾಖ ಹೇಳಿದವರು ನೀವು. ಸ್ವಲ್ಪ ಗುಣ ಕಂಡಿದೆ. ಈ ಪತ್ರದಲ್ಲಿ ಒಂದು ಸಾಲನ್ನೂ ಹೊಡೆಯಬೇಡಿ. ಓದಿ, ಮುದ್ರೆ ಒತ್ತಿ, ಮೇಲಿನವರಿಗೆ ತೋರಿಸಿ, ಆಮೇಲೆ ನನ್ನ ಅಣ್ಣನಿಗೆ ಕೊಡಿ. ಇದರಲ್ಲಿ ಬರೆದಿರುವುದನ್ನೇ ನಿನ್ನೆ ಪೊಲೀಸ್ ಸ್ಟೇಷನ್ನಿನಲ್ಲೂ ಹೇಳಿದ್ದೇನೆ. ಹದಿನಾಲ್ಕು ಅಲಗಿನ ಗೋಣಿಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿದೆ. ಬರೆದುಕೊಂಡರು. ಅವರು ಬರೆದುಕೊಂಡದ್ದು ಎಲ್ಲಾದರೂ ಕಳೆದುಹೋಗಬಹುದು. ನಿಮ್ಮ ಮುದ್ರೆ ಬಿದ್ದದ್ದು ಕಳೆಯುವುದಿಲ್ಲ ಎಂದು ಅಣ್ಣನ ಪತ್ರಗಳಿಂದ ತಿಳಿದುಕೊಂಡಿದ್ದೇನೆ.

ಅಣ್ಣ,

ನೀನು ಬರೆಯಬೇಡ ಎಂದೆ. ಫೋಟೋ ನೋಡಿದಾಗಿನಿಂದ ಎರಡು ತಿಂಗಳು ನಾನೂ ಬರೆದಿರಲಿಲ್ಲ. ಇನ್ನು ಆಗುವುದಿಲ್ಲ.

ಫೋಟೋದಲ್ಲಿ ಗೆರೆಗಳು ಎಡಕ್ಕೆ ವಾಲಿವೆ. ನಮ್ಮ ಚಕ್ರದಲ್ಲಿ ಹಾಗೆ ಹಿಡಿಯುವವನು ನಾನೊಬ್ಬನೇ. ನೀನು ಅದನ್ನು ಆ ದಿನ ಒಂದೇ ನೋಟದಲ್ಲಿ ಕಂಡೆ, ಪೊಲೀಸರಿಗೆ ಕಾಣಲಿಲ್ಲ. ನೀನು ಎಡಚ ಎಂಬ ಪದವನ್ನು ಮೂರು ವರ್ಷ ಯಾಕೆ ಬರೆಯಲಿಲ್ಲ ಎಂಬುದೂ ಆಗ ಗೊತ್ತಾಯಿತು. ನಾನು ಸಿಟ್ಟೆಂದುಕೊಂಡಿದ್ದೆ.

ನಿನ್ನ ಪ್ರಶ್ನೆ ನನಗೆ ಗೊತ್ತು. ನಾನು ಕೇಳಿದೆನೋ ಇಲ್ಲವೋ, ಗೊತ್ತಿತ್ತೋ ಇಲ್ಲವೋ, ಅಷ್ಟೇ ತಾನೇ?

ಆ ದಿನ ನೀನು ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. "ದೊಡ್ಡ ಅಲಗು ಮುಟ್ಬೇಡ, ನಾನು ಬರ್ತೀನಿ" ಎಂದು ಹೇಳಿ ಹೋಗಿದ್ದೆ. ನನಗೆ ಹದಿನೇಳು ವರ್ಷ. ನೀನೂ ಬೀದಿಯವರೂ ಚಿಕ್ಕವನು, ಚಿಕ್ಕವನು ಅನ್ನುತ್ತಿದ್ದಿರಿ. ಮಫ್ಲರ್ ಬಂದು ಚಾಕು ಕೊಟ್ಟು, "ಮೇಸ್ತ್ರಿ ಇದಾರಾ?" ಎಂದ. ಅಣ್ಣ ಇಲ್ಲ ಎಂದೆ. "ಯಾಕೆ, ನನ್ನೆದುರು ಕೂತಿರೋರು ಯಾರು?" ಎಂದ. ಅಷ್ಟು ಸಾಕಾಯಿತು ನನಗೆ.

ಕೇಳಿದೆ, ಅಣ್ಣ. ಅಪ್ಪನ ಮಾತನ್ನೇ ಕೇಳಿದೆ. "ಹಗ್ಗ, ಲಾರಿ ಹಗ್ಗ" ಎಂದ. ಹಗ್ಗಕ್ಕೆ ಒರಟಾದ ಹರಿತ ಸಾಕು, ಒಂದು ಕಡೆ ಹಿಡಿದರೆ ಸಾಕು. ಅವನು ಎರಡೂ ಕಡೆ ತೆಳ್ಳಗೆ ಬೇಕು ಎಂದ. ಆಮೇಲೆ, "ಮೊನೆಯನ್ನೂ ಚೂಪು ಮಾಡು" ಎಂದ. ಮೊನೆಯಿಂದ ಯಾರೂ ಹಗ್ಗ ಕೊಯ್ಯುವುದಿಲ್ಲ. ನನ್ನ ಕಾಲು ಪೆಡಲಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ತುಳಿದೆ.

ಯಾರಿಗೆ ಎಂದು ಗೊತ್ತಿರಲಿಲ್ಲ. ಹಗ್ಗಕ್ಕಲ್ಲ ಎಂದು ಗೊತ್ತಿತ್ತು.

ಪೊಲೀಸರು ನಿನ್ನನ್ನು ಕರೆದುಕೊಂಡು ಹೋದಾಗ, ಅದು ನೀನು ಹಿಡಿದ ಬೇರೆ ಚಾಕು ಇರಬೇಕು ಎಂದುಕೊಂಡೆ. ನೀನೇ ಒಪ್ಪಿಕೊಂಡಿದ್ದೆ, ನಂಬುವುದು ಸುಲಭವಾಗಿತ್ತು. ಸುಲಭವಾಗಿತ್ತೆಂದೇ ನಂಬಿದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಇನ್ನೂ ಸುಲಭವಾಗುತ್ತಿತ್ತು, ಅದನ್ನೂ ಮಾಡಿದೆ. ಮಫ್ಲರ್ ಯಾಕೆ ಅಷ್ಟು ಪ್ರೀತಿಯಿಂದ ಬೆಂಚಿನ ಮೇಲೆ ಕೂರುತ್ತಿದ್ದ ಎಂಬುದು ನನಗೆ ತಿಳಿಯದ್ದೇನಲ್ಲ. ತಿಳಿಯದವನ ಹಾಗೆ ಅವನಿಗೆ ಟೀ ತರಿಸಿದೆ.

ಯಂತ್ರವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಅವನ ಬಾಗಿಲಲ್ಲಿ ಇಳಿಸಿ ಬಂದೆ. ಟೈಲರಮ್ಮನ ಕತ್ತರಿಯನ್ನು ಅಪ್ಪನ ಚಕ್ರದಲ್ಲಿ ಹಿಡಿದು ಅವರ ಮನೆಗೇ ಕೊಟ್ಟೆ. ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಆಕೆ ಕತ್ತರಿಯನ್ನು ಬೆಳಕಿಗೆ ಹಿಡಿದು, ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಕೋರ್ಟಲ್ಲೂ ಹಿಂಗೇ ಹೇಳ್ತೀಯಾ?" ಎಂದರು. ಹೇಳುತ್ತೇನೆ ಎಂದೆ. ಬಾಗಿಲು ಹಾಕಿಕೊಂಡರು. ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ, ಆಕೆಯೂ ಅದಕ್ಕೆ ಕಾಯಲಿಲ್ಲ.

ವಕೀಲಮ್ಮನಿಗೂ ಹೇಳಿದ್ದೇನೆ. ನನ್ನನ್ನು ಯಾವಾಗ ಕರೆದುಕೊಂಡು ಹೋಗುತ್ತಾರೋ, ಎಲ್ಲಿ ಇಡುತ್ತಾರೋ ಗೊತ್ತಿಲ್ಲ. ನಿನ್ನನ್ನು ತಕ್ಷಣ ಬಿಡುತ್ತಾರೆ ಎಂದು ಆಸೆ ಇಟ್ಟುಕೊಳ್ಳಬೇಡ ಎಂದರು ಅವರು. ಭಯ ಇದೆ. ನೀನು ನೋಡಬಾರದು ಎಂದುಕೊಂಡಿದ್ದ ತಟ್ಟೆಯನ್ನು ನಾನೇ ಹಿಡಿದುಕೊಂಡು ಬರುತ್ತಿದ್ದೇನೆ, ನಿನ್ನ ಮೂರು ವರ್ಷವನ್ನು ನೀರಿಗೆ ಹಾಕಿದ ಹಾಗಾಯಿತೆಂದು ನಿನಗೆ ಅನ್ನಿಸಬಹುದು. ಬೈಯಿ. ಆದರೆ ಇನ್ನೊಮ್ಮೆ ನನ್ನ ಪಾಲಿನದನ್ನು ನೀನು ಹೊರಬೇಡ.

ಅಮ್ಮನಿಗೆ ಹೇಳಿದ್ದು ಎಲ್ಲಕ್ಕಿಂತ ಕೊನೆಗೆ, ಇವತ್ತು ಬೆಳಗ್ಗೆ. ಅಕ್ಕಿ ಆರಿಸುತ್ತ ಕೂತಿದ್ದಳು. ಮೊರ ಕೆಳಗಿಟ್ಟು ಕೇಳಿಸಿಕೊಂಡಳು. ನನಗೆ ಹೊಡೆಯಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ನನ್ನ ಪೆಟ್ಟಿಗೆಯಿಂದ ನಿನ್ನ ಪತ್ರಗಳನ್ನೆಲ್ಲ ತೆಗೆದುಕೊಂಡು ಬಂದು, "ಓದು" ಎಂದಳು. ಮೊದಲನೆಯದರಿಂದ ಓದಿದೆ. ಹನ್ನೊಂದನೆಯದಕ್ಕೆ ಪತ್ರ ಕೆಳಗಿಟ್ಟೆ. ನೀರು ಕೊಟ್ಟು, ಮತ್ತೆ "ಓದು" ಎಂದಳು. ಎಲ್ಲ ಮುಗಿಯುವಾಗ ಮಧ್ಯಾಹ್ನವಾಗಿತ್ತು.

ಈಗ ಹೊರಗೆ ಕಲ್ಲಿನ ಮೇಲೆ ಕೂತು ತನ್ನ ಚಪ್ಪಲಿಯ ಕಿತ್ತ ಉಂಗುಷ್ಠ ಹೊಲಿಯುತ್ತಿದ್ದಾಳೆ. ಆ ಕಡೆ ತಿರುಗಿಕೊಂಡೇ ಒಂದು ವಿಷಯ ಕೇಳಿದಳು. ನನಗೆ ಗೊತ್ತಿಲ್ಲ, ಸಾಹೇಬರೇ, ನೀವೇ ಒಂದು ಸಾಲು ಬರೆದು ಕಳಿಸಬೇಕು.

"ಅಲ್ಲಿ ಮಕ್ಕಳನ್ನ ನೋಡೋಕೆ ತಾಯಂದಿರನ್ನ ಎಷ್ಟು ಹೊತ್ತಿಗೆ ಒಳಗೆ ಬಿಡ್ತಾರಂತೆ?"

ಇಂತಿ ನಿನ್ನ,
ಎಡಚ